ಯುಗಾದಿ ಹೊತ್ತಿಗೆ ಮೈಸೂರಿನ ಮನೆ ಹಿತ್ತಲಲ್ಲಿ ಯಾವ ತರಕಾರಿ ಹಾಕಬಹುದು?

ನೀವು ಕೇಳಿರೋದು ಇಷ್ಟು: ಮೈಸೂರಿಗೆ ಹೊಸಬರು, ವಿಜಯನಗರದ ಬಾಡಿಗೆ ಮನೆಯ ಹಿಂದೆ 10 ಅಡಿಗೆ 12 ಅಡಿ ಖಾಲಿ ಜಾಗ ಇದೆ, ಈಗ ಮಾರ್ಚ್. ಯೂಟ್ಯೂಬಿನಲ್ಲಿ ನೋಡಿದ ಪಟ್ಟಿಯಲ್ಲಿ ವಸಂತಕಾಲಕ್ಕೆ ಬಟಾಣಿ, ಲೆಟ್ಯೂಸ್, ಕ್ಯಾರೆಟ್, ಟೊಮೇಟೊ ಹಾಕಿ ಅಂತ ಇದೆ. ಅದನ್ನೇ ಹಾಕಲಾ, ಇಲ್ಲ ಮಳೆಗಾಲದವರೆಗೆ ಕಾಯಲಾ?

ಕಾಯಬೇಡಿ. ಆದರೆ ಆ ಪಟ್ಟಿಯನ್ನು ಬಿಟ್ಟುಬಿಡಿ.

ಆ ಪಟ್ಟಿ ಮಾಡಿದವರ ಊರಲ್ಲಿ ಮಾರ್ಚ್ ಅಂದರೆ ಹಿಮ ಕರಗಿ ಮಣ್ಣು ಬೆಚ್ಚಗಾಗುವ ಕಾಲ. ಅಲ್ಲಿ ಸಸಿಯನ್ನು ಚಳಿಯಿಂದ ಕಾಪಾಡಬೇಕು. ನಮ್ಮ ಕಡೆ ಯುಗಾದಿ ಹೊತ್ತಿಗೆ ಮೇಲ್ಮಣ್ಣು ಕಾದು ಪುಡಿಯಾಗಿರುತ್ತದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನ 35 ಡಿಗ್ರಿ ದಾಟೋದು ಮಾಮೂಲು. ಇಲ್ಲಿ ಕಾಪಾಡಬೇಕಾದ್ದು ಬಿಸಿಲಿನಿಂದ. ಬಟಾಣಿ, ಕ್ಯಾರೆಟ್, ಕೋಸು ಇವೆಲ್ಲ ನಮಗೆ ದಸರಾ ಕಳೆದ ಮೇಲಿನ ಬೆಳೆ. ಈಗ ಹಾಕಿದರೆ ನೀರು, ಶ್ರಮ ಎರಡೂ ದಂಡ.

ಹಾಗಾಗಿ ಬಿತ್ತನೆಯನ್ನು ಎರಡು ಕಂತು ಮಾಡಿಕೊಳ್ಳಿ. ಬಿಸಿಲು ತಡೆಯುವ ಕೆಲವನ್ನು ಈಗಲೇ ಹಾಕಿ. ಉಳಿದದ್ದನ್ನು ಏಪ್ರಿಲ್ ಕೊನೆಗೆ, ಒಂದೆರಡು ಒಳ್ಳೆ ಮಳೆ ಬಿದ್ದು ಮಣ್ಣು ಹದಕ್ಕೆ ಬಂದಾಗ ಹಾಕಿ. ನಮ್ಮ ಕಡೆ ರೈತರು ಇದಕ್ಕೆ ಮಳೆ ನಕ್ಷತ್ರ ನೋಡುತ್ತಾರೆ. ಅಶ್ವಿನಿ ಏಪ್ರಿಲ್ 13-14ರ ಸುಮಾರಿಗೆ ಹುಟ್ಟುತ್ತದೆ, ಭರಣಿ 27ರ ಆಸುಪಾಸು, ಕೃತ್ತಿಕೆ ಮೇ 11ರ ಹೊತ್ತಿಗೆ. ‘ಭರಣಿ ಮಳೆ ಸುರಿದರೆ ಧರಣಿಯೆಲ್ಲಾ ಬೆಳೆ’ ಅಂತ ಮಂಡ್ಯದ ಹಳ್ಳಿಗಳಲ್ಲಿ ಈಗಲೂ ಹೇಳುತ್ತಾರೆ. ಹಿತ್ತಲಿಗೂ ಆ ಲೆಕ್ಕ ಸರಿಹೋಗುತ್ತದೆ.

ಬೀಜಕ್ಕಿಂತ ಮೊದಲು ಮಣ್ಣು. ಬಡಾವಣೆ ಮನೆಗಳ ಹಿಂದಿರೋದು ಹೆಸರಿಗೆ ಮಾತ್ರ ಮಣ್ಣು. ಅರ್ಧ ಅಡಿ ಅಗೆದರೆ ಜಲ್ಲಿ, ಸಿಮೆಂಟಿನ ಹೆಂಟೆ, ಇಟ್ಟಿಗೆ ಚೂರು, ಹಳೇ ವೈರು ಸಿಗುತ್ತದೆ. ಒಂದು ಅಡಿ ಆಳ ಅಗೆದು ಅವನ್ನೆಲ್ಲ ಆರಿಸಿ ತೆಗೆಯಿರಿ. ಹಿಂದಿನ ದಿನ ಸಂಜೆ ನೀರು ಬಿಟ್ಟು ನೆನೆಸಿದರೆ ಗುದ್ದಲಿ ಸಲೀಸಾಗಿ ಇಳಿಯುತ್ತದೆ. ನಿಮ್ಮ ಜಾಗಕ್ಕೆ ಎರಡು ಮೂರು ಚೀಲ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೇಕು. ಚೆನ್ನಾಗಿ ಕಳಿತದ್ದು ಅಂದರೆ ಮೂಗಿಗೆ ಹಿಡಿದರೆ ಸಗಣಿ ವಾಸನೆ ಇರಬಾರದು, ಕೈ ಹಾಕಿದರೆ ಬಿಸಿ ತಗುಲಬಾರದು. ಹಸಿ ಗೊಬ್ಬರ ಬೇರನ್ನು ಸುಡುತ್ತದೆ, ಗೊಣ್ಣೆಹುಳವನ್ನೂ ತರುತ್ತದೆ. ಮಂಡ್ಯ ಕಡೆಯಿಂದ ಯಾರಾದರೂ ಸಕ್ಕರೆ ಕಾರ್ಖಾನೆಯ ಪ್ರೆಸ್ ಮಡ್ (ಕಬ್ಬಿನ ರಸ ಸೋಸಿದಾಗ ಉಳಿಯುವ ಮಡ್ಡಿ) ತಂದುಕೊಡುತ್ತೇನೆ ಅಂದರೆ ತಗೊಳ್ಳಿ, ಒಳ್ಳೆಯದೇ. ಆದರೆ ಹೊಸದನ್ನು ನೇರವಾಗಿ ಹಾಕಬೇಡಿ, ಕೆಲವು ತಿಂಗಳು ಗುಡ್ಡೆ ಹಾಕಿ ಕಳಿಯಲು ಬಿಡಿ. ಜೊತೆಗೆ ಒಂದೆರಡು ಕೆಜಿ ಬೇವಿನ ಹಿಂಡಿ ಬೆರೆಸಿದರೆ ಗೆದ್ದಲಿನ ಕಾಟ ಕಡಿಮೆ.

ಇನ್ನು ಮಡಿ ಮಾಡುವ ವಿಷಯ. ಇದನ್ನು ನಾನು ಕಂಡವರಿಗೆಲ್ಲ ಹೇಳುತ್ತಿರುತ್ತೇನೆ. ವಿಡಿಯೋಗಳಲ್ಲಿ ಹಲಗೆ ಹೊಡೆದು ಎತ್ತರದ ಮಡಿ ಮಾಡುತ್ತಾರಲ್ಲ, ಬೇಸಿಗೆಯಲ್ಲಿ ಅದು ನಮಗೆ ಬೇಡವೇ ಬೇಡ. ಎತ್ತರದ ಮಡಿ ನೀರು ಬಸಿಯಲಿ, ಮಣ್ಣು ಬೇಗ ಬಿಸಿಯಾಗಲಿ ಅಂತ ಮಾಡೋದು. ನಮಗೆ ಬೇಕಾದ್ದು ಅದರ ಉಲ್ಟಾ. ಮದ್ದೂರಿನ ಹತ್ತಿರದ ಹಳ್ಳಿಯಲ್ಲಿ ನಮ್ಮತ್ತೆ ಬೇಸಿಗೆ ಸೊಪ್ಪಿಗೆ ನೆಲಮಟ್ಟಕ್ಕಿಂತ ನಾಲ್ಕು ಬೆರಳು ತಗ್ಗಿನ ಪಾತಿ ಮಾಡಿ, ಸುತ್ತ ಗೇಣಗಲ ಬದು ಕಟ್ಟುತ್ತಾರೆ. ಹಾಕಿದ ನೀರು ಆಚೀಚೆ ಹರಿಯದೆ ಅಲ್ಲೇ ಇಂಗುತ್ತದೆ. ಬೋಗಾದಿಯ ನಮ್ಮ ಮನೆಯಲ್ಲೂ ಹಾಗೇ ಮಾಡುತ್ತೇನೆ. ಏಪ್ರಿಲ್ ಬಿಸಿಲಲ್ಲೂ ಬೆಳಗ್ಗೆ ಒಂದು ಹೊತ್ತು ನೀರು ಹಾಕಿದರೆ ದೊಡ್ಡ ಗಿಡಗಳಿಗೆ ಸಾಕಾಗುತ್ತದೆ. ಜೂನ್‌ನಲ್ಲಿ ಮಳೆ ಕೂತಾಗ ಬದು ಒಡೆದು, ಆ ಮಣ್ಣನ್ನೇ ಗಿಡದ ಬುಡಕ್ಕೆ ಏರಿಸಿದರೆ ಆಯಿತು.

ಪಾತಿ ಆದ ಮೇಲೆ ಹೊದಿಕೆ. ಮೈಸೂರಿನ ಎಷ್ಟೋ ಬೀದಿಗಳಲ್ಲಿ ಹೊಂಗೆ ಮರಗಳಿವೆ. ಫೆಬ್ರವರಿ, ಮಾರ್ಚ್ ಹೊತ್ತಿಗೆ ಅವು ಎಲೆ ಉದುರಿಸಿ ಹೊಸ ಚಿಗುರು ಬಿಡುತ್ತವೆ. ರಸ್ತೆ ಬದಿಯಲ್ಲಿ ಆ ತರಗೆಲೆ ಗುಡ್ಡೆ ಗುಡ್ಡೆ ಬಿದ್ದಿರುತ್ತದೆ. ಅದಕ್ಕೆ ಬೆಂಕಿ ಇಡೋದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ದಯವಿಟ್ಟು ಬೆಳಗ್ಗೆ ವಾಕಿಂಗ್‌ಗೆ ಹೋಗುವಾಗ ಒಂದು ಚೀಲ ಹಿಡಿದುಕೊಂಡು ಹೋಗಿ. ಕೈಯಿಂದ ಹಿಸುಕಿ ಚೂರು ಮಾಡಿ, ಮೂರು ಬೆರಳು ದಪ್ಪ ಹರಡಿ. ಗಿಡದ ಕಾಂಡಕ್ಕೆ ಮಾತ್ರ ಅಂಟಿಸಬೇಡಿ, ಎರಡು ಬೆರಳು ಜಾಗ ಬಿಡಿ. ಮಧ್ಯಾಹ್ನ ಎರಡು ಗಂಟೆಗೆ ಹೊದಿಕೆ ಇಲ್ಲದ ಕಡೆ ಮಣ್ಣು ಮುಟ್ಟಿ ನೋಡಿ, ಕೈ ಸುಡುತ್ತದೆ. ತರಗೆಲೆ ಸರಿಸಿ ಅದರಡಿ ಮುಟ್ಟಿದರೆ ತಣ್ಣಗೆ, ಪಸೆ ಪಸೆಯಾಗಿರುತ್ತದೆ. ಕಬ್ಬಿನ ತರಗು, ತೆಂಗಿನ ನಾರು ಸಿಕ್ಕರೂ ಆಗುತ್ತದೆ.

ಈಗ ಏನು ಹಾಕೋದು. ಬೆಂಡೆ, ಹೀರೆ, ಅಲಸಂದೆ, ಗೋರಿಕಾಯಿ, ದಂಟಿನ ಸೊಪ್ಪು. ಮೊದಲ ಸಲಕ್ಕೆ ಇಷ್ಟು ಸಾಕು.

ಬೆಂಡೆ ಬೀಜ ರಾತ್ರಿ ನೆನೆಹಾಕಿ, ಬೆಳಗ್ಗೆ ಒಂದು ಅಡಿಗೆ ಒಂದರಂತೆ ಊರಿ. ವಾರದೊಳಗೆ ಮೊಳಕೆ ಕಾಣುತ್ತದೆ, ಒಂದೂವರೆ ತಿಂಗಳು ಕಳೆದ ಮೇಲೆ ಕಾಯಿ ಶುರು. ಆಮೇಲೆ ದಿನ ಬಿಟ್ಟು ದಿನ ಕೀಳಲೇಬೇಕು, ಇಲ್ಲದಿದ್ದರೆ ನಾರು ಬರುತ್ತದೆ. ಬೇಸಿಗೆಯ ಬೆಂಡೆಗೆ ದೊಡ್ಡ ತೊಂದರೆ ಬಿಳಿನೊಣ ಹರಡುವ ಹಳದಿ ರೋಗ. ಎಲೆಯ ನರಗಳೆಲ್ಲ ಹಳದಿಯಾಗಿ ಕಾಯಿಯೂ ಬಿಳಿಚಿಕೊಳ್ಳುತ್ತದೆ. ಬಂದ ಮೇಲೆ ಮದ್ದಿಲ್ಲ, ಆ ಗಿಡ ಕಿತ್ತು ಹಾಕಬೇಕು ಅಷ್ಟೇ. ಅದಕ್ಕೆ ತಳಿ ಮುಖ್ಯ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ‘ಅರ್ಕಾ ಅನಾಮಿಕ’ ಈ ರೋಗವನ್ನು ತಡೆದುಕೊಳ್ಳಲಿ ಅಂತಲೇ ಮಾಡಿದ ತಳಿ. ಅವರದೇ ‘ಅರ್ಕಾ ಸುಗುಣ’ ಅನ್ನೋ ಹಸಿರು ದಂಟನ್ನು ಬುಡ ಬಿಟ್ಟು ಕೊಯ್ದರೆ ಮತ್ತೆ ಮತ್ತೆ ಚಿಗುರುತ್ತದೆ.

ದಂಟಿನ ಬೀಜ ಸಾಸಿವೆಗಿಂತ ಸಣ್ಣದು. ಮರಳಲ್ಲಿ ಬೆರೆಸಿ ಉದುರಿಸಿ, ಮೇಲೆ ತೆಳುವಾಗಿ ಮಣ್ಣು ಸವರಿ. ಮೊಳಕೆ ಬರುವವರೆಗೆ ಒದ್ದೆ ಗೋಣಿ ಹೊದಿಸಿ, ಮೊಳಕೆ ಕಂಡ ದಿನವೇ ತೆಗೆಯಿರಿ. ಇರುವೆ ಹೊತ್ತುಕೊಂಡು ಹೋಗದಂತೆ ನೋಡಿಕೊಳ್ಳಿ. ತಿಂಗಳೊಳಗೆ ಬಸ್ಸಾರಿಗೆ ಸೊಪ್ಪು ಸಿಗುತ್ತದೆ. ಮನೆಯದೇ ದಂಟು, ಜೊತೆಗೆ ಎಳೆ ಅಲಸಂದೆಕಾಯಿ ಬೇಯಿಸಿ ಬಸಿದು ಮಾಡಿದ ಬಸ್ಸಾರು, ಬಿಸಿ ಮುದ್ದೆ ಒಮ್ಮೆ ತಿಂದು ನೋಡಿ. ಇಷ್ಟೆಲ್ಲ ಅಗೆದದ್ದಕ್ಕೆ ಬೆಲೆ ಬಂತು ಅನಿಸುತ್ತದೆ.

ಹೀರೆಕಾಯಿ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಹೊಸಬರು ಕೈಬಿಡೋದು ಇದರಲ್ಲೇ. ಗೋಡೆ ಪಕ್ಕ ಒಂದೊಂದು ಗುಣಿಗೆ ಎರಡು ಬೀಜ ಹಾಕಿ, ನಾಲ್ಕು ಅಡಿಗೆ ಒಂದು ಗುಣಿ. ಬಳ್ಳಿ ಹಬ್ಬೋಕೆ ಹಗ್ಗ ಅಥವಾ ಚಪ್ಪರ ಬೇಕು. ಏಪ್ರಿಲ್, ಮೇ ಸಂಜೆಗಳಲ್ಲಿ ಇಲ್ಲಿ ಗುಡುಗಿನ ಜೊತೆ ಜೋರು ಗಾಳಿ ಬೀಸುತ್ತದೆ, ಚಪ್ಪರದ ಗೂಟ ಗಟ್ಟಿಯಾಗಿರಲಿ. ಮೊದಮೊದಲು ಬರೀ ಗಂಡು ಹೂವೇ ಬಿಡುತ್ತದೆ. ಬಿಸಿಲು ಜಾಸ್ತಿ ಇದ್ದಷ್ಟೂ ಗಂಡು ಹೂ ಜಾಸ್ತಿ. ‘ಹೂ ಬಿಡುತ್ತೆ, ಕಾಯಿ ಇಲ್ಲ’ ಅಂತ ಬಳ್ಳಿ ಕಿತ್ತು ಎಸೆಯಬೇಡಿ. ಕೆಲವು ದಿನ ಕಳೆದರೆ ಹೆಣ್ಣು ಹೂ ಬರುತ್ತದೆ. ಹೂವಿನ ಕೆಳಗೇ ಕಿರುಬೆರಳಷ್ಟು ಹೀಚು ಇದ್ದರೆ ಅದು ಹೆಣ್ಣು.

ಹೀರೆ ಹೂ ಅರಳೋದು ಸಂಜೆ. ಸೋರೆಯೂ ಹಾಗೇ. ಬೆಳಗ್ಗೆ ಓಡಾಡುವ ಜೇನಿಗೆ ಅದು ಸಿಗೋದು ಕಷ್ಟ. ನಮ್ಮ ಬಡಾವಣೆಗಳಲ್ಲಿ ಸಂಜೆ ಹಾರುವ ಪತಂಗಗಳೂ ಕಡಿಮೆ. ಹಾಗಾಗಿ ಹೀಚು ಎರಡು ದಿನದಲ್ಲಿ ಹಳದಿಯಾಗಿ ಉದುರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಹೊರಗೆ ಬಂದು, ಅರಳಿದ ಒಂದು ಗಂಡು ಹೂ ಕಿತ್ತು, ಎಸಳು ಹಿಂದಕ್ಕೆ ಮಡಚಿ, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವೆ ಮೆತ್ತಗೆ ಸವರಿ. ಎರಡು ಮೂರು ದಿನದಲ್ಲಿ ಹೀಚು ಕಡು ಹಸಿರಾಗಿ ಉದ್ದವಾದರೆ ಕಾಯಿ ಕಚ್ಚಿತು ಅಂತ ಅರ್ಥ. ಆಗ ಒಂದು ಹಳೇ ಪೇಪರಿನ ಚೀಲ ಸಡಿಲವಾಗಿ ಕಟ್ಟಿ, ಹಣ್ಣುನೊಣ ಚುಚ್ಚದಂತೆ. ಮನೆಯಲ್ಲಿ ಮಕ್ಕಳಿದ್ದರೆ ಈ ಕೆಲಸ ಅವರಿಗೇ ಕೊಡಿ, ಖುಷಿಯಿಂದ ಮಾಡುತ್ತಾರೆ.

ಟೊಮೇಟೊ ಈಗ ಬೇಡ. ಹಗಲು 35 ಡಿಗ್ರಿ, ರಾತ್ರಿಯೂ ಸೆಕೆ ಅಂದರೆ ಅದರ ಹೂ ಕಾಯಿ ಕಚ್ಚದೆ ಉದುರುತ್ತದೆ. ಎಲೆ ಮುದುಡುವ ರೋಗವೂ ಈಗಲೇ ಜಾಸ್ತಿ. ಏಪ್ರಿಲ್ ಕೊನೆಗೆ ನೆರಳಲ್ಲಿ ಸಸಿ ಮಾಡಿಕೊಂಡು, ಮೇ ಕೊನೆಗೆ ನಾಟಿ ಮಾಡಿ. ಬದನೆ, ಮೆಣಸಿನಕಾಯಿಗೂ ಇದೇ ಲೆಕ್ಕ. ನಾಟಿ ಅವರೆಯಂತೂ ಈಗ ಹಾಕಲೇಬಾರದು. ಅದು ಹೂ ಬಿಡೋಕೆ ಹಗಲು ಚಿಕ್ಕದಾಗಬೇಕು, ಅಲ್ಲಿವರೆಗೆ ಸುಮ್ನೆ ಬಳ್ಳಿ ಹಬ್ಬಿ ಜಾಗ ತಿನ್ನುತ್ತದೆ. ಎಲ್ಲ ಕಾಲಕ್ಕೂ ಬರಲಿ ಅಂತಲೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಮಾಡಿದ ಹೆಬ್ಬಾಳ ಅವರೆ ಇದೆ, ಹಾಕಿದರೆ ಅದನ್ನು ಹಾಕಿ. ಕೊತ್ತಂಬರಿ ಬಿಸಿಲಿಗೆ ಬೇಗ ಹೂ ಬಿಟ್ಟು ಕೆಡುತ್ತದೆ. ಬೇಕೇ ಬೇಕು ಅಂದರೆ ಪೂರ್ತಿ ನೆರಳಿರುವ ಮೂಲೆಯಲ್ಲಿ ಸ್ವಲ್ಪ ಹಾಕಿ.

ದುಡ್ಡಿಲ್ಲದೆ ಆಗೋದು ಎರಡಿವೆ. ಮಾರ್ಕೆಟ್ಟಿಂದ ತಂದ ಬಸಳೆ, ಹೊನಗೊನ್ನೆ ಸೊಪ್ಪಿನ ಎಲೆ ಬಿಡಿಸಿದ ಮೇಲೆ ಬಲಿತ ಕಡ್ಡಿ ಎಸೆಯಬೇಡಿ. ಗೆಣ್ಣು ಮಣ್ಣೊಳಗೆ ಹೋಗುವ ಹಾಗೆ ಊರಿ, ಪಾತ್ರೆ ತೊಳೆಯುವ ಜಾಗದ ಹತ್ತಿರ, ಪಸೆ ಇರುವ ಕಡೆ. ಆಮೇಲೆ ಅವನ್ನು ನೀವು ನೋಡಿಕೊಳ್ಳಬೇಕಾಗೇ ಇಲ್ಲ.

ನೆರಳಿಗೆ ಹಸಿರು ನೆಟ್ ಕಟ್ಟಬಹುದು, ಸೊಪ್ಪಿಗೆ ಅರ್ಧ ಬಿಸಿಲು ತಡೆಯುವ 50 ಪರ್ಸೆಂಟ್‌ನದು ಸರಿ. ಆದರೆ ಇಡೀ ಜಾಗಕ್ಕೆ ಕಟ್ಟಬೇಡಿ. ಬೆಂಡೆ, ಹೀರೆಗೆ ಬಿಸಿಲು ಬೇಕು. ಪಶ್ಚಿಮದ ಕಡೆಯಿಂದ ಬರುವ ಇಳಿಬಿಸಿಲೇ ಜಾಸ್ತಿ ಸುಡೋದು, ಆ ಒಂದು ಕಡೆ ತೆಂಗಿನ ಗರಿ ಅಥವಾ ಹಳೇ ಕಾಟನ್ ಸೀರೆ ಕಟ್ಟಿದರೂ ನಡೆಯುತ್ತದೆ. ಹೀರೆ ಚಪ್ಪರವನ್ನು ಪಶ್ಚಿಮಕ್ಕೆ ಹಾಕಿ, ಅದರ ನೆರಳಿಗೆ ಸೊಪ್ಪಿನ ಪಾತಿ ಮಾಡಿಕೊಂಡರೆ ನೆಟ್ಟೇ ಬೇಡ.

ನೀರು ಬೆಳಗ್ಗೆ ಎಂಟರೊಳಗೆ. ಮಧ್ಯಾಹ್ನ ಬಳ್ಳಿಯ ಎಲೆ ಜೋತುಬಿದ್ದರೆ ಗಾಬರಿಯಾಗಿ ನೀರು ಸುರಿಯಬೇಡಿ. ಸಂಜೆ ಆರಕ್ಕೆ ಮತ್ತೆ ನೋಡಿ. ತಾನಾಗಿ ನೆಟ್ಟಗಾಗಿದ್ದರೆ ಅದಕ್ಕೆ ನೀರಿದೆ. ಸಂಶಯ ಬಂದರೆ ತೋರುಬೆರಳನ್ನು ಎರಡು ಗೆಣ್ಣು ಮಣ್ಣಿಗೆ ಇಳಿಸಿ, ತಣ್ಣಗೆ ತಗುಲಿದರೆ ಇವತ್ತಿಗೆ ಸಾಕು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಹಾಕಿ. ಆರ್‌ಒ ಫಿಲ್ಟರ್‌ನಿಂದ ಹೊರಬೀಳುವ ನೀರಲ್ಲಿ ಉಪ್ಪಿನಂಶ ಸೇರಿಕೊಂಡಿರುತ್ತದೆ, ಅದನ್ನು ಗಿಡಕ್ಕೆ ಹಾಕಬೇಡಿ, ಅಂಗಳ ತೊಳೆಯಿರಿ. ಗಿಡದ ಹೇನು, ಬಿಳಿನೊಣಕ್ಕೆ ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನ ಎಣ್ಣೆ, ಎರಡು ಹನಿ ಸೋಪಿನ ದ್ರಾವಣ ಬೆರೆಸಿ ಸಂಜೆ ಹೊತ್ತು ಎಲೆಯ ಅಡಿಗೆ ಹೊಡೆಯಿರಿ. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ.

ಬೀಜ, ಸಸಿ ಬಗ್ಗೆ ತೋಟಗಾರಿಕೆ ಇಲಾಖೆಯವರನ್ನು ಕೇಳಿ, ಮೈಸೂರಿನಲ್ಲಿ ಅವರ ಕಚೇರಿ ಕರ್ಜನ್ ಪಾರ್ಕಿನಲ್ಲಿದೆ. ನಂಜನಗೂಡು ಕಡೆ ಹೋಗೋದಿದ್ದರೆ ಸುತ್ತೂರಿನಲ್ಲಿ ಜೆಎಸ್ಎಸ್ ಕೃಷಿ ವಿಜ್ಞಾನ ಕೇಂದ್ರ ಇದೆ, ಮಂಡ್ಯದಲ್ಲಾದರೆ ವಿ.ಸಿ. ಫಾರಂ ಅನ್ನೋ ಕೃಷಿ ಸಂಶೋಧನಾ ಕೇಂದ್ರ. ಎಲ್ಲಿ ಕೊಂಡರೂ ಪೊಟ್ಟಣದ ಮೇಲಿನ ತಾರೀಖು ನೋಡಿ. ಒಂದೇ ಸಲ ಎಲ್ಲ ಬೀಜ ಖಾಲಿ ಮಾಡಬೇಡಿ. ಅರ್ಧವನ್ನು ಗಾಳಿಯಾಡದ ಡಬ್ಬಿಯಲ್ಲಿ ಬೂದಿ ಹಾಕಿ ಎತ್ತಿಡಿ, ಭರಣಿ ಮಳೆಗೆ ಬೇಕಾಗುತ್ತದೆ. ನಿಮ್ಮ ಹಿತ್ತಲಿಗೆ ಬಿಸಿಲು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಬೀಳುತ್ತದೆ, ಪಕ್ಕದ ಮನೆ ಗೋಡೆ ಯಾವ ದಿಕ್ಕಿಗಿದೆ ಅಂತ ತಿಳಿಸಿ. ಚಪ್ಪರ ಎಲ್ಲಿ, ಪಾತಿ ಎಲ್ಲಿ ಅನ್ನೋದನ್ನು ಬರೆದು ಹೇಳುತ್ತೇನೆ.