19ನೇ ಶತಮಾನದ ಪ್ರಾಟೆಸ್ಟೆಂಟ್ ಪಾದ್ರಿಗಳು ಗುಲಾಮಗಿರಿಯ ವಿರುದ್ಧ ನಿಜಕ್ಕೂ ಹೋರಾಡಿದರೇ?

ಅಮೆರಿಕದಲ್ಲಿ ಗುಲಾಮಗಿರಿ ತೊಲಗಿದ ಶ್ರೇಯಸ್ಸು ಪ್ರಾಟೆಸ್ಟೆಂಟ್ ಸಭೆಗಳಿಗೆ (ಚರ್ಚುಗಳಿಗೆ) ಸಲ್ಲಬೇಕೇ ಎಂದು ತಾವು ಕೇಳಿದ್ದೀರಿ. ಸಭೆಗಳಿಗಿಂತ ಹೆಚ್ಚಾಗಿ, ಸ್ವಂತ ಸಭೆಯವರನ್ನೇ ಎದುರು ಹಾಕಿಕೊಂಡ ಕೆಲವು ಪಾದ್ರಿಗಳಿಗೆ ಅದು ಸಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಪ್ರೆಸ್ಬಿಟೇರಿಯನ್ ಪಾದ್ರಿ ಜಾನ್ ರಾಂಕಿನ್ ಅವರನ್ನೇ ನೋಡಿ. ಗುಲಾಮಗಿರಿ ಊರ್ಜಿತವಾಗಿದ್ದ ಕೆಂಟಕಿಯನ್ನು ಬಿಟ್ಟು 1822ರಲ್ಲಿ ಅವರು ಓಹಾಯೋ ನದಿಯ ಉತ್ತರ ದಡದಲ್ಲಿ, ಗುಲಾಮಗಿರಿ ಇಲ್ಲದ ಓಹಾಯೋ ರಾಜ್ಯದ ರಿಪ್ಲೆ ಎಂಬ ಊರಿಗೆ ಬಂದರು. ವರ್ಜೀನಿಯಾದಲ್ಲಿದ್ದ ಸೋದರ ಥಾಮಸ್ ಗುಲಾಮರನ್ನು ಕೊಂಡನೆಂದು ತಿಳಿದಾಗ, ಅದು ಏಕೆ ಪಾಪವೆಂದು ವಿವರಿಸಿ ಒಂದರ ಹಿಂದೊಂದು ಪತ್ರ ಬರೆದರು. 1826ರಲ್ಲಿ ಪುಸ್ತಕವಾದ ಈ ಪತ್ರಗಳನ್ನು ಗುಲಾಮಗಿರಿ ವಿರೋಧಿ ಪತ್ರಕರ್ತ ವಿಲಿಯಂ ಲಾಯ್ಡ್ ಗ್ಯಾರಿಸನ್ ಮುಂದೆ ತಮ್ಮ ಪತ್ರಿಕೆಯಲ್ಲಿ ಮರುಮುದ್ರಿಸಿದರು. ರಾಂಕಿನ್ ಬರವಣಿಗೆಗೇ ನಿಲ್ಲಲಿಲ್ಲ. ಊರಿನ ಮೇಲಿನ ಗುಡ್ಡದಲ್ಲಿದ್ದ ಅವರ ಮನೆಯ ದೀಪ ಆಚೆ ದಡದ ಕೆಂಟಕಿಗೂ ಕಾಣುತ್ತಿತ್ತು. ತಪ್ಪಿಸಿಕೊಂಡು ನದಿ ದಾಟಿ ಮೆಟ್ಟಿಲು ಹತ್ತಿ ಬಂದ ಗುಲಾಮರಿಗೆ ಊಟ ಹಾಕಿ, ರಾಂಕಿನ್ ಅವರ ಗಂಡುಮಕ್ಕಳು ರಾತ್ರೋರಾತ್ರಿ ಮುಂದಿನ ಆಶ್ರಯಕ್ಕೆ ತಲುಪಿಸುತ್ತಿದ್ದರು. 1838ರ ಚಳಿಗಾಲದಲ್ಲಿ ಒಬ್ಬ ತಾಯಿ ಕಂಕುಳಲ್ಲಿ ಕೂಸನ್ನು ಅವುಚಿಕೊಂಡು, ಬಿರಿಯುತ್ತಿದ್ದ ಮಂಜುಗಡ್ಡೆಯ ಮೇಲೆ ಹೆಜ್ಜೆಯಿಟ್ಟು ಇದೇ ಮನೆ ಸೇರಿದಳು. ಆ ಮನೆ ಇಂದಿಗೂ ಇದೆ.

ಇಷ್ಟಾದರೂ ಇಂಥವರು ವಿರಳ. ಮನುಷ್ಯನನ್ನು ಕದ್ದು ಮಾರುವವನಿಗೆ ಮರಣದಂಡನೆ ಎಂಬ, ಬೈಬಲಿನ ವಿಮೋಚನಕಾಂಡದ ವಚನವನ್ನು ಇವರು ಎತ್ತಿ ಹಿಡಿದರೆ, ಗುಲಾಮನೊಬ್ಬನನ್ನು ಒಡೆಯ ಫಿಲೆಮೋನನ ಬಳಿಗೆ ಹಿಂದಕ್ಕೆ ಕಳುಹಿಸುತ್ತಾ ಪೌಲನು ಬರೆದ ಪತ್ರಿಕೆಯನ್ನು ತೋರಿಸಿ, ಗುಲಾಮಗಿರಿಯಿದ್ದ ದಕ್ಷಿಣದ ರಾಜ್ಯಗಳ ಪಾದ್ರಿಗಳು ಗುಲಾಮಗಿರಿಗೆ ಧರ್ಮದ ಮುದ್ರೆ ಒತ್ತುತ್ತಿದ್ದರು. ಗುಲಾಮರ ಒಡೆಯರಾಗಿದ್ದ ಬಿಷಪ್ ಜೇಮ್ಸ್ ಆಂಡ್ರೂ ಅವರ ವಿಷಯದಲ್ಲಿ 1844ರಲ್ಲಿ ಮೆಥಡಿಸ್ಟ್ ಎಂಬ ಪ್ರಾಟೆಸ್ಟೆಂಟ್ ಪಂಗಡದ ಸಭೆ ಉತ್ತರ-ದಕ್ಷಿಣವಾಗಿ ಒಡೆಯಿತು. ಮರುವರ್ಷ ಇನ್ನೊಂದು ಪಂಗಡವಾದ ಬ್ಯಾಪ್ಟಿಸ್ಟರೂ ಹಾಗೆಯೇ ಬೇರೆಯಾದರು. ಉತ್ತರದ ಅನೇಕ ಪಾದ್ರಿಗಳು ಸಭೆ ಒಡೆಯುವ ಭಯದಿಂದ ಬಾಯಿ ಬಿಡಲಿಲ್ಲ. ಬಾಯಿ ಬಿಟ್ಟವರ ಪಾಡು ಏನಾಗುತ್ತಿತ್ತೆಂಬುದನ್ನು ಎಲೈಜಾ ಲವ್‌ಜಾಯ್ ಅವರ ಸಾವು ತೋರಿಸಿತ್ತು: ಮೂರು ಮುದ್ರಣಯಂತ್ರಗಳು ನಾಶವಾದ ಮೇಲೂ ಗುಲಾಮಗಿರಿಯನ್ನು ಖಂಡಿಸಿ ಬರೆಯುವುದನ್ನು ಬಿಡದ ಈ ಪಾದ್ರಿಯನ್ನು, ನಾಲ್ಕನೆಯದನ್ನು ಕಾಯುತ್ತಿದ್ದಾಗ, 1837ರ ನವೆಂಬರ್ 7ರಂದು ಇಲಿನಾಯ್‌ನ ಆಲ್ಟನ್‌ನಲ್ಲಿ ಉದ್ರಿಕ್ತ ಗುಂಪು ಗುಂಡಿಕ್ಕಿ ಕೊಂದಿತು.

ಈ ಚರ್ಚೆಗಳಲ್ಲಿ ಕಪ್ಪು ಪಾದ್ರಿಗಳ ಹೆಸರು ಹಿಂದೆ ಸರಿಯುವುದು ನನಗೆ ಬಹಳ ನೋವಿನ ಸಂಗತಿ. ಮೇರಿಲ್ಯಾಂಡಿನಲ್ಲಿ ಗುಲಾಮರಾಗಿಯೇ ಹುಟ್ಟಿ, ಬಾಲ್ಯದಲ್ಲಿ ಕುಟುಂಬದೊಡನೆ ತಪ್ಪಿಸಿಕೊಂಡು, ಮುಂದೆ ಪ್ರೆಸ್ಬಿಟೇರಿಯನ್ ಪಾದ್ರಿಯಾದ ಹೆನ್ರಿ ಹೈಲ್ಯಾಂಡ್ ಗಾರ್ನೆಟ್, 1843ರಲ್ಲೇ ಬಫಲೋ ನಗರದ ಸಮಾವೇಶದಲ್ಲಿ ಗುಲಾಮರು ತಾವೇ ಪ್ರತಿರೋಧಕ್ಕೆ ಇಳಿಯಬೇಕೆಂದು ಕರೆ ಕೊಟ್ಟಿದ್ದರು. ಗುಲಾಮಗಿರಿಯನ್ನು ರದ್ದುಮಾಡುವ, ಸಂವಿಧಾನದ 13ನೇ ತಿದ್ದುಪಡಿಗೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಒಪ್ಪಿಗೆ ದೊರೆತ ಕೆಲವೇ ದಿನಗಳಲ್ಲಿ, 1865ರ ಫೆಬ್ರವರಿ 12ರಂದು, ಅದರ ಕೆಳಮನೆಯಾದ ಪ್ರತಿನಿಧಿ ಸಭೆಯ ಸಭಾಂಗಣದಲ್ಲಿ ಧರ್ಮಬೋಧನೆ ಮಾಡಿದವರೂ ಅವರೇ.