ಜಯಲಕ್ಷ್ಮಿ ವಿಲಾಸ ರಿಪೇರಿ ಆದ್ಮೇಲೂ ಯಾಕೆ ಸೋರ್ತು?

ಪ್ರಶ್ನೆ: ಸರ್, ನಾನು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರೀಲಿ ಎಂಎ ಓದಿದವನು. ಅಲ್ಲಿರೋ ಜಯಲಕ್ಷ್ಮಿ ವಿಲಾಸ ಅರಮನೆನ ಒಂದು ಸಲ ಕೋಟಿ ಮೇಲೆ ಖರ್ಚು ಮಾಡಿ ರಿಪೇರಿ ಮಾಡಿದ್ರು, ಆದ್ರೂ ಚಾವಣಿ ಮತ್ತೆ ಹಾಳಾಯ್ತು. ಅಷ್ಟು ದೊಡ್ಡ ಬಿಲ್ಡಿಂಗ್ ಉಳಿಸೋಕೆ ಆಗುತ್ತಾ? ಲಲಿತಮಹಲ್ ಥರ ಹೋಟೆಲ್ ಮಾಡ್ಬಿಟ್ರೆ ಏನು ತಪ್ಪು?

ಉತ್ತರ: ಖಂಡಿತ ಆಗುತ್ತೆ, ಆದ್ರೆ ಒಂದೇ ಸಲ ದೊಡ್ಡ ದುಡ್ಡು ಸುರಿದು ಆಮೇಲೆ ಮರೆತುಬಿಟ್ರೆ ಆಗಲ್ಲ.

1905ರಲ್ಲಿ ನಾಲ್ವಡಿಯವರ ಅಕ್ಕ ಜಯಲಕ್ಷ್ಮಮ್ಮಣ್ಣಿಯವರಿಗೆ ಅಂತ ಕಟ್ಟಿದ ಅರಮನೆ ಅದು, 1959ರಲ್ಲಿ ವಿಶ್ವವಿದ್ಯಾಲಯ ಕೊಂಡ್ಕೊಂಡು ಆಮೇಲೆ ಅಲ್ಲೇ ಜಾನಪದ ವಸ್ತುಸಂಗ್ರಹಾಲಯ ಮಾಡ್ತು. ನೀವು ಹೇಳ್ತಿರೋ ರಿಪೇರಿ ಇನ್ಫೋಸಿಸ್ ಫೌಂಡೇಶನ್ ನೆರವಲ್ಲಿ ಆಗಿದ್ದು. ಆ ಕಾಲದ ಮೈಸೂರು ಕಟ್ಟಡಗಳಲ್ಲಿ ಹೆಚ್ಚಾಗಿ ಕಾಣೋದು ಮದ್ರಾಸ್ ತಾರಸಿ, ಅಂದ್ರೆ ಸಾಗುವಾನಿ ತೊಲೆ, ಅದರ ಮೇಲೆ ಓರೆಯಾಗಿ ನಿಲ್ಲಿಸಿದ ಸಣ್ಣ ಇಟ್ಟಿಗೆ, ಮೇಲೆ ಸುಣ್ಣದ ಗಾರೆ. ಮಳೆನೀರಿನ ಪೈಪಲ್ಲಿ ಎಲೆ ಕಟ್ಕೊಂಡ್ರೆ ಸಾಕು, ನೀರು ನಿಂತು ಗೋಡೆಗೆ ಇಳಿಯುತ್ತೆ, ಗೋಡೆಯೊಳಗೆ ಹುದುಗಿರೋ ತೊಲೆ ತುದಿ ಮೊದಲು ಕೊಳೆಯುತ್ತೆ. ರೂಮಲ್ಲಿ ನಿಂತು ನೋಡಿದ್ರೆ ತೊಲೆ ಗಟ್ಟಿಯಾಗೇ ಇರುತ್ತೆ, ಗೋಡೆ ಹತ್ರ ಉಳಿ ಒತ್ತಿ ನೋಡಿ, ಸಲೀಸಾಗಿ ಒಳಗೆ ಹೋಗುತ್ತೆ. ಇದ್ರ ಮೇಲೆ ಸೋರುತ್ತೆ ಅಂತ ಸಿಮೆಂಟ್ ಬಳಿದುಬಿಟ್ರೆ ಇನ್ನೂ ಕಷ್ಟ, ಯಾಕಂದ್ರೆ ಸುಣ್ಣದ ಗೋಡೆ ಕುಡಿದ ನೀರನ್ನ ಹೊರಗೆ ಬಿಟ್ಟು ಒಣಗುತ್ತೆ, ಸಿಮೆಂಟ್ ಆ ತೇವ ಹೊರಗೆ ಹೋಗೋಕೆ ಬಿಡಲ್ಲ.

ಇನ್ನು ಹೋಟೆಲ್ ವಿಷಯ. ಲಲಿತಮಹಲನ್ನ 1921ರಲ್ಲಿ ವೈಸ್‌ರಾಯ್‌ಗೆ ಅತಿಥಿಗೃಹ ಅಂತಾನೇ ಕಟ್ಟಿದ್ದು, ಹಾಗಾಗಿ 1974ರಲ್ಲಿ ಹೋಟೆಲ್ ಮಾಡಿದಾಗ ಕಟ್ಟಡಕ್ಕೆ ಹೊಂದ್ಕೊಳ್ತು. ಜಯಲಕ್ಷ್ಮಿ ವಿಲಾಸದಲ್ಲಿ ರೂಮಿಗೊಂದು ಬಾತ್‌ರೂಮ್ ಅಂತ ಹೊರಟ್ರೆ ಹಳೇ ಗೋಡೆ, ಮರದ ತೊಲೆಗಳ ಮಧ್ಯ ಪೈಪ್ ಎಳೀಬೇಕು, ನೀರಿಂದಲೇ ನರಳ್ತಿರೋ ಕಟ್ಟಡಕ್ಕೆ ಇನ್ನಷ್ಟು ನೀರು! ನನಗಂತೂ ಮ್ಯೂಸಿಯಂ, ಓದೋ ಕೋಣೆ, ಜಾನಪದ ದಾಖಲೆ ಸಂಗ್ರಹ ಇಂಥ ಒಣ ಬಳಕೆನೇ ಸರಿ ಅನ್ಸುತ್ತೆ. ಪಶ್ಚಿಮ ಭಾಗದ ದುರಸ್ತಿಗೆ ಅಮೆರಿಕದಿಂದ ನೆರವು ಸಿಕ್ಕಿದ್ದು ಒಳ್ಳೇದೇ ಆಯ್ತು, ಒಂದೊಂದೇ ಭಾಗ ಹಿಡಿದು ಪೂರ್ತಿ ಮಾಡಿ ಜನಕ್ಕೆ ತೆರೀತಾ ಹೋಗೋದೇ ದಾರಿ. ಪೂರ್ತಿ ಬೀಗ ಹಾಕಿದ್ರೆ ಎಲ್ಲಿ ಸೋರ್ತಿದೆ ಅಂತ ನೋಡೋರೇ ಇರಲ್ಲ, ಸಂದೀಲಿ ಅರಳಿ ಗಿಡ ಬೇರು ಬಿಡುತ್ತೆ.

ಮೈಸೂರಲ್ಲೇ ಇರೋ ಅಂಗಡಿ ಸಾಲಿನ ಕಟ್ಟಡ, 1892ರ ಲ್ಯಾನ್ಸ್‌ಡೌನ್ ಬಿಲ್ಡಿಂಗ್ ನೋಡಿ, 2012ರಲ್ಲಿ ಒಂದು ಭಾಗ ಕುಸಿದು ನಾಲ್ಕು ಜನ ತೀರಿಕೊಂಡ್ರು. ಅಂಗಡಿ ಖಾಲಿ ಮಾಡ್ಸಿದ್ರು, ಕೆಡವಬೇಕಾ ಉಳಿಸಬೇಕಾ ಅನ್ನೋ ಜಗಳದಲ್ಲೇ ವರ್ಷಗಟ್ಟಲೆ ಹೋಯ್ತು, ಮಳೆ ಮಾತ್ರ ಪ್ರತಿ ವರ್ಷ ಬಂತು. ಅದನ್ನ ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತೆ.

ನೀವು ಹಳೇ ವಿದ್ಯಾರ್ಥಿ ಅಲ್ವಾ, ನಿಮ್ಮ ಬ್ಯಾಚಿನವರೆಲ್ಲ ಸೇರಿ ವಿಶ್ವವಿದ್ಯಾಲಯಕ್ಕೆ ಒಂದು ಪತ್ರ ಬರೀರಿ. ಚಾವಣಿ ನಿರ್ವಹಣೆಗೆ ಅಂತಾನೇ ಪ್ರತಿ ವರ್ಷ ಬಜೆಟ್‌ನಲ್ಲಿ ದುಡ್ಡು ಇಡ್ತಾರಾ, ಮುಂಗಾರಿಗೆ ಮುಂಚೆ ಮೇ ತಿಂಗಳಲ್ಲಿ ಪೈಪ್ ಕ್ಲೀನ್ ಮಾಡಿಸ್ತಾರಾ, ಗಾರೆ ಕೆಲಸ ಗೊತ್ತಿರೋ ಮೇಸ್ತ್ರಿ ಕೈಲಿ ಮಾಡಿಸ್ತಾರಾ ಅಂತ ಕೇಳಿ.