ಎಐ ಕೊಟ್ಟ ಬೆಳೆ ಸಲಹೆಯನ್ನು ರೈತರಿಗೆ ಕಳಿಸುವಾಗ ಅದು ಎಐ ಹೇಳಿದ್ದು ಅಂತ ಹೇಳಲೇಬೇಕಾ?

ಹೇಳಲೇಬೇಕು. ಹೇಳಿದರೆ ಊರಿನವರು ನಂಬುವುದಿಲ್ಲ ಅಂತ ಬರೆದಿದ್ದೀರಿ. 2024ರಲ್ಲಿ ನಾನೂ ಹೀಗೇ ಅಂದುಕೊಂಡು ಮುಚ್ಚಿಟ್ಟಿದ್ದೆ.

ನಮ್ಮದು ಕುರುಗೋಡು ಕಡೆಯ ಹಳ್ಳಿ. ಎರೆ ಹೊಲ, ಕಾಲುವೆ ನೀರು, ಮೆಣಸಿನಕಾಯಿ. ನಾನು ಬಳ್ಳಾರಿಯಲ್ಲಿ ಕಂಪ್ಯೂಟರ್ ಕೆಲಸಕ್ಕಿದ್ದೆ. ಊರಿನ ರೈತರಿಗೆ ಅಂತ ಒಂದು ವಾಟ್ಸಾಪ್ ಗ್ರೂಪ್ ಮಾಡಿದೆ. ಅವರು ವಾಯ್ಸ್ ಮೆಸೇಜ್ ಹಾಕುತ್ತಿದ್ದರು. ನಾನು ರಾತ್ರಿ ಊಟ ಆದಮೇಲೆ ಕೂತು ಚಾಟ್‌ಬಾಟಿಗೆ ಇಂಗ್ಲಿಷಿನಲ್ಲಿ ಕೇಳಿ, ಬಂದದ್ದನ್ನು ಕನ್ನಡಕ್ಕೆ ತಿರುಗಿಸಿ ಕಳಿಸುತ್ತಿದ್ದೆ. ಒಂದು ರೂಪಾಯಿ ತಗೊಂಡವನಲ್ಲ.

ಒಂದು ರಾತ್ರಿ ದೊಡ್ಡಪ್ಪನ ಮೆಸೇಜ್ ಬಂತು. "ಎಲೆ ಎಲ್ಲಾ ಕೆಳಗ ಮಡಚ್ಕೊಂಡಾವಪಾ, ತೆಪ್ಪ ಡಬ್ಬ ಹಾಕಿದಂಗ ಆಗ್ಯಾವ. ಏನ್ ಹೊಡೀಲಿ?" ತೆಪ್ಪ ಬೋರಲು ಹಾಕಿದ ಹಾಗೆ ಅಂತ ಅವರ ಮಾತು. ನಾನು "ಚಿಲ್ಲಿ ಲೀಫ್ ಕರ್ಲ್", ಮೆಣಸಿನ ಎಲೆ ಮುದುಡಿದೆ, ಅಂತಷ್ಟೇ ಟೈಪ್ ಮಾಡಿದೆ. ಕೆಳಗೆ ಅನ್ನೋ ಮಾತು ಅಲ್ಲೇ ಬಿಟ್ಟುಹೋಯಿತು. ಥ್ರಿಪ್ಸ್ (ರಸ ಹೀರುವ ಸಣ್ಣ ಕೀಟ) ಇರಬೇಕು, ಇಮಿಡಾಕ್ಲೋಪ್ರಿಡ್ ಅನ್ನೋ ಕೀಟನಾಶಕ ಹೊಡೆಯಿರಿ ಅಂತ ಉತ್ತರ ಬಂತು. 2021-22ರಲ್ಲಿ ಕಪ್ಪು ಥ್ರಿಪ್ಸ್ ಬಂದು ಹೊಲಗಳೇ ಹಾಳಾದ ಮೇಲೆ, ಎಲೆ ಮುದುಡಿದರೆ ನಮ್ಮ ಕಡೆ ಮೊದಲು ನೆನಪಾಗುವುದು ಅದೇ. ನನಗೂ ಅನುಮಾನ ಬರಲಿಲ್ಲ. ಉತ್ತರದ ಕೊನೆಗೆ ಒಂದು ಸಾಲಿತ್ತು: ಸಿಂಪಡಿಸುವ ಮುಂಚೆ ಹತ್ತಿರದ ಕೃಷಿ ತಜ್ಞರಿಗೆ ಎಲೆ ತೋರಿಸಿ.

ಆ ಸಾಲನ್ನು ನಾನು ಅಳಿಸಿದೆ. ಕೆಳಗೆ ನನ್ನ ಹೆಸರು ಹಾಕಿ ಕಳಿಸಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವು ಮಾಡಹೊರಟಿರುವುದೂ ಇದನ್ನೇ. ಒಂದು ಪದ ಬಿಟ್ಟದ್ದು ಕಣ್ತಪ್ಪು. ಅಂಥದ್ದು ಯಾರಿಂದಲೂ ಆಗುತ್ತದೆ. ಆದರೆ ಆ ಸಾಲು ಅಳಿಸಿದ್ದು ಕಣ್ತಪ್ಪಲ್ಲ. ಅದಿದ್ದರೆ ಇವನಿಗೇ ಸರಿಯಾಗಿ ಗೊತ್ತಿಲ್ಲ ಅಂತಾರೆ ಅನ್ನಿಸಿತು, ತೆಗೆದೆ. ಯಂತ್ರ ಹೇಳಿದ್ದು ಅಂತ ಗೊತ್ತಿದ್ದರೆ ದೊಡ್ಡಪ್ಪ ಒಂದು ಎಲೆ ಕಿತ್ತುಕೊಂಡು ಗೊಬ್ಬರದ ಅಂಗಡಿಗೆ ಹೋಗುತ್ತಿದ್ದರು, ಪಕ್ಕದ ಹೊಲದವರನ್ನು ಕೇಳುತ್ತಿದ್ದರು. ನಲವತ್ತು ವರ್ಷ ಅವರು ಹಾಗೆಯೇ ಒಕ್ಕಲುತನ ಮಾಡಿದವರು. ತಮ್ಮನ ಮಗ, ಓದಿದವನು, ಹೇಳಿದ್ದಾನೆ ಅಂತ ಯಾರನ್ನೂ ಕೇಳಲಿಲ್ಲ. ಯಂತ್ರದ ಮೇಲೆ ಇಡದ ನಂಬಿಕೆಯನ್ನು ನನ್ನ ಮೇಲೆ ಇಟ್ಟರು. ನಾನು ಅದನ್ನು ಅವರಿಗೆ ಗೊತ್ತಿಲ್ಲದ ಹಾಗೆ ಯಂತ್ರಕ್ಕೆ ಕೊಟ್ಟುಬಿಟ್ಟೆ.

ಗುತ್ತಿಗೆಗೆ ಮಾಡಿದ ಎರಡೂವರೆ ಎಕರೆ. ಎರಡು ಸಲ ಎಣ್ಣೆ, ಅಂದರೆ ಆ ಕೀಟನಾಶಕ, ಹೊಡೆದರು. ಮುದುಡಿದ್ದು ಬಿಚ್ಚಿಕೊಳ್ಳಲಿಲ್ಲ, ಹೂವು ಉದುರಲು ಶುರುವಾಯಿತು. ಆಮೇಲೆ ಗಿಡದ ತುದಿ ಮುರಿದುಕೊಂಡು ಹಗರಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆವು. ಅಲ್ಲಿಯವರು ಎಲೆ ತಿರುವಿ, ಕೈಗೆ ಭೂತಗನ್ನಡಿ ಕೊಟ್ಟರು. ನರದ ಪಕ್ಕದಲ್ಲಿ ಧೂಳಿನಷ್ಟು ಸಣ್ಣ, ಹಳದಿ ಬಿಳುಪಿನ ಕಣಗಳು ಹರಿದಾಡುತ್ತಿದ್ದವು. ಮೈಟ್ ನುಸಿ. ಥ್ರಿಪ್ಸ್ ಆದರೆ ಎಲೆ ಮೇಲಕ್ಕೆ ಮುದುಡುತ್ತದೆ, ಮೈಟ್ ಆದರೆ ಕೆಳಕ್ಕೆ. ನಾವು ಎರಡಕ್ಕೂ ನುಸಿ ಅಂತೀವಿ, ಆದರೆ ಮೈಟ್ ಕೀಟವೇ ಅಲ್ಲ, ಜೇಡದ ಕಡೆಯದ್ದು. ಇಮಿಡಾಕ್ಲೋಪ್ರಿಡ್‌ಗೆ ಅದು ಸಾಯುವುದಿಲ್ಲ. ಅದನ್ನು ತಿನ್ನುವ ಜೀವಿಗಳು ಸತ್ತರೆ ಇನ್ನೂ ಜಾಸ್ತಿಯಾಗುತ್ತದೆ. ಎಲ್ಲವನ್ನೂ ದೊಡ್ಡಪ್ಪ ಮೊದಲ ದಿನವೇ ಹೇಳಿದ್ದರು, ತೆಪ್ಪ ಡಬ್ಬ ಹಾಕಿದಂಗ ಅಂತ.

ಆ ವರ್ಷ ಬ್ಯಾಡಗಿ ಮಾರ್ಕೆಟ್ಟಿಗೆ ಹೋದ ಚೀಲ ಹಿಂದಿನ ವರ್ಷದ ಅರ್ಧವೂ ಇರಲಿಲ್ಲ. ಅವರು ಬೈಯಲಿಲ್ಲ. "ನೀ ಹೇಳಿದ್ಯಲ್ಲಪಾ, ಅದಕ್ಕ ಹೊಡದೆ" ಅಂದರು ಅಷ್ಟೇ.

ಆದ್ದರಿಂದ ನಿಮ್ಮ ಪ್ರಶ್ನೆಯೇ ನನಗೆ ಸರಿ ಕಾಣುವುದಿಲ್ಲ. ನಂಬದೇ ಇರುವುದು ರೈತನ ಹಕ್ಕು. ಹೊಲ ಅವನದು, ಸಾಲ ಅವನದು. ಯುರೋಪಿನ 2024ರ ಎಐ ಕಾಯ್ದೆಯಲ್ಲೂ ಎದುರಿಗಿರುವುದು ಯಂತ್ರ ಅಂತ ಜನರಿಗೆ ತಿಳಿಸಬೇಕು ಎನ್ನುವ ನಿಯಮವಿದೆ. ನಮ್ಮೂರಿನವರಿಗೆ ಅಷ್ಟೂ ಬೇಡವಾ?

ಎಣ್ಣೆಯ ಹೆಸರು, ಅಳತೆ ಮಾತ್ರ ಎಐಗೆ ಕೇಳಿ ಕಳಿಸಲೇಬೇಡಿ. ಆಮೇಲೊಮ್ಮೆ 'ಕೆಳಕ್ಕೆ' ಅಂತ ಸೇರಿಸಿ ಅದೇ ಚಾಟ್‌ಬಾಟಿಗೆ ಕೇಳಿದೆ. ಮೈಟ್ ಅಂತ ಸರಿಯಾಗಿಯೇ ಹೇಳಿತು, ಹೊಡೆಯಲು ಡೈಕೋಫಾಲ್ ಅಂತು. ಡೈಕೋಫಾಲನ್ನು ಕೇಂದ್ರ ಸರ್ಕಾರ 2023ರಲ್ಲೇ ನಿಷೇಧಿಸಿದೆ. ಹಳೆಯ ಓದನ್ನು ಅಷ್ಟೇ ಧೈರ್ಯದಿಂದ ಒಪ್ಪಿಸಿತು.

ಗ್ರೂಪ್ ಈಗಲೂ ಇದೆ. ರೋಗದ ಪ್ರಶ್ನೆ ಬಂದರೆ ಎಲೆಯ ಎರಡೂ ಬದಿಯ ಫೋಟೋ ಕೇಳುತ್ತೇನೆ, ಕಿಸಾನ್ ಕಾಲ್ ಸೆಂಟರಿನ 1800-180-1551 ನಂಬರ್ ಕೊಡುತ್ತೇನೆ. ಕನ್ನಡದಲ್ಲೇ ಮಾತಾಡುತ್ತಾರೆ. ಎಐ ಬಳಸಿದ ದಿನ ಮೊದಲ ಸಾಲಿನಲ್ಲೇ "ಇದು ಯಂತ್ರ ಹೇಳಿದ್ದು, ಎಲೆ ತೋರಿಸಿ ಕೇಳಿ" ಅಂತ ಬರೆಯುತ್ತೇನೆ. ಕೆಲವರು ಗ್ರೂಪ್ ಬಿಟ್ಟರು. ದೊಡ್ಡಪ್ಪ ಬಿಟ್ಟಿಲ್ಲ. ಆದರೆ ಈಗ ಮೆಸೇಜ್ ಹಾಕುವುದಿಲ್ಲ, ಎಲೆ ಕಿತ್ತುಕೊಂಡು ಮನೆಗೇ ಬರುತ್ತಾರೆ.